ಪುಟ್ಟಿಯ ಪುಸ್ತಕದ ಕಪಾಟು ಮತ್ತು ನಾವು ಲೆಕ್ಕ ಹಾಕದ ಒಂದು ಲೋಡ್

"ಇಂಜಿನಿಯರಿಂಗ್ ಓದ್ತಾ ಇದ್ದೀರಲ್ಲ, ಒಂದು ಪುಸ್ತಕದ ಕಪಾಟು ಮಾಡಿಕೊಡೋಕೆ ಆಗಲ್ವಾ?" ಅಂತ ಕೇಳಿದ್ದು ನಮ್ಮಲ್ಲೊಬ್ಬನ ಅಕ್ಕ. ರಜೆಯಲ್ಲಿ ಜೋಗ ನೋಡೋ ನೆಪ ಮಾಡ್ಕೊಂಡು ನಾವು ನಾಲ್ಕು ಜನ ಸಾಗರದ ಅವರ ಮನೆಗೆ ಹೋಗಿದ್ವಿ. ಅಕ್ಕನ ಮಗಳಿಗೆ ನಾಲ್ಕು ವರ್ಷ. ಮನೇಲಿ ಎಲ್ಲರೂ ಪುಟ್ಟಿ ಅಂತಲೇ ಕರೆಯೋದು. ಅವಳ ಚಿತ್ರದ ಪುಸ್ತಕಗಳು ಮಂಚದ ಕೆಳಗೆ, ಕಿಟಕಿಯ ಮೇಲೆ, ಹೊಲಿಗೆ ಮಷಿನ್ ಮೇಲೆ ಹೀಗೆ ಮನೆ ತುಂಬ ಹರಡಿದ್ವು. ನಮ್ಮಲ್ಲಿ ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬಳು ಕಂಪ್ಯೂಟರ್ ಸೈನ್ಸ್. "ಅದೇನ್ ಮಹಾ, ನಾಲ್ಕು ಹಲಗೆ ತಾನೆ" ಅಂತ ಒಪ್ಕೊಂಡುಬಿಟ್ವಿ.

ಆ ನಾಲ್ಕು ಹಲಗೆ ನಮಗೆ ಮೂರನೇ ಸೆಮಿಸ್ಟರಿನ ಅರ್ಧ ಸಿಲಬಸ್ ಪಾಠ ಮಾಡಿತು. ಹಾಸ್ಟೆಲ್‌ಗೆ ಬಂದಮೇಲೆ ಎಷ್ಟೋ ಜನ "ಹೇಗೆ ಮಾಡಿದ್ರಿ?" ಅಂತ ಕೇಳಿದ್ರಿಂದ ಎಲ್ಲವನ್ನೂ ಕ್ರಮವಾಗಿ ಬರೆಯುತ್ತಿದ್ದೇವೆ. ತಮ್ಮ, ತಂಗಿ, ಅಕ್ಕನ ಮಕ್ಕಳು ಇರೋರು ದಯವಿಟ್ಟು ಕೊನೆಯ ತನಕ ಓದಿ. ಮುಖ್ಯವಾದ ವಿಷಯ ಕೊನೆಯಲ್ಲಿದೆ. ನಮಗೂ ಅದು ಗೊತ್ತಾಗಿದ್ದು ಕೊನೆಯಲ್ಲೇ.

ಯಾವ ಮರ?

ಮೊದಲು ನಾವು ಹೋಗಿದ್ದು ಅದೇ ಬೀದಿಯ ಆಚಾರ್ರ ಹತ್ತಿರ. ಅವರ ಶೆಡ್‌ನಲ್ಲಿ ಕತ್ತರಿಸೋ ಮಷಿನ್ ಇತ್ತು, ನಮಗೆ ಜಾಗವನ್ನೂ ಕೊಟ್ಟರು. ತೇಗ, ಹಲಸು ಇಂಥ ಗಟ್ಟಿ ಮರದಲ್ಲಿ ಮಾಡಿದರೆ ಕಪಾಟು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ, ಆದರೆ ಬೆಲೆ ನಮ್ಮ ಕೈಗೆ ಎಟುಕಲ್ಲ. ಇನ್ನೊಂದು ತೊಂದರೆಯೂ ಇದೆ. ಮಳೆಗಾಲದಲ್ಲಿ ಮನೆ ಬಾಗಿಲು ಬಿಗಿಯಾಗೋದನ್ನ ನೀವು ನೋಡಿರ್ತೀರಿ. ಮರ ತೇವ ಹೀರಿದಾಗ ನಾರಿನ ಉದ್ದಕ್ಕೆ ಹೆಚ್ಚು ಹಿಗ್ಗಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಅಗಲವಾದ ಹಲಗೆ ಆದ್ರೆ ಹಿಗ್ಗಿ ಕುಗ್ಗಿ ಸೊಟ್ಟಗೂ ಆಗಬಹುದು.

ಪ್ಲೈವುಡ್ ಈ ತೊಂದರೆಗೇ ಹುಟ್ಟಿದ ಉತ್ತರ. ತೆಳು ಪದರಗಳನ್ನು ಒಂದರ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವ ಹಾಗೆ ಅಂಟಿಸಿರುತ್ತಾರೆ. ಒಂದು ಪದರ ಹಿಗ್ಗೋಕೆ ಹೋದ್ರೆ ಪಕ್ಕದ್ದು ಹಿಡಿದುಕೊಳ್ಳತ್ತೆ. ಪಾರ್ಟಿಕಲ್ ಬೋರ್ಡ್ ಇನ್ನೂ ಅಗ್ಗ. ಆದರೆ ಅದರ ಅಂಚಿಗೆ ನೀರು ತಾಗಿದರೆ ಊದಿಕೊಳ್ಳುತ್ತದೆ, ಒಂದು ಸಲ ಬಿಚ್ಚಿದ ಸ್ಕ್ರೂ ಮತ್ತೆ ಅದೇ ತೂತಿನಲ್ಲಿ ಹಿಡಿಯಲ್ಲ.

ಪ್ಲೈವುಡ್‌ನಲ್ಲೂ ದರ್ಜೆಗಳಿವೆ. ಐಎಸ್ 303 ಅನ್ನೋ ಭಾರತೀಯ ಮಾನಕದಲ್ಲಿ ಎಂಆರ್ ಮತ್ತು ಬಿಡಬ್ಲ್ಯುಆರ್ ಅಂತ ಎರಡು ಬರುತ್ತವೆ. ಮೊದಲನೆಯದು ಗಾಳಿಯ ತೇವ ತಡೆಯುತ್ತದೆ, ಎರಡನೆಯದರ ಅಂಟು ಕುದಿಯುವ ನೀರಿನ ಪರೀಕ್ಷೆಯನ್ನೂ ತಡೆಯುತ್ತದೆ. ಐಎಸ್ 710 ಅಂದ್ರೆ ಮರೈನ್ ಪ್ಲೈ, ನಮ್ಮ ಕೆಲಸಕ್ಕೆ ಅದು ಅತಿಯಾಯ್ತು. ನಾವು ತಗೊಂಡಿದ್ದು ಬಿಡಬ್ಲ್ಯುಆರ್. ಮಲೆನಾಡಿನ ಮಳೆ, ದಿನಾ ನೆಲ ಒರೆಸೋ ನೀರು ಒಂದು ಕಾರಣ. ಇನ್ನೊಂದು ಕಾರಣ ಮಗುವಿನ ಕೋಣೆ. ಎಂಆರ್ ಪ್ಲೈನಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ, ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಗೆ ಬರ್ತಾ ಇರುತ್ತದೆ. ಹೊಸ ಫರ್ನಿಚರ್ ಹತ್ತಿರ ಕಣ್ಣು ಉರಿಯೋಕೆ ಇದೂ ಒಂದು ಕಾರಣ. ಬಿಡಬ್ಲ್ಯುಆರ್‌ನಲ್ಲಿ ಬಳಸೋ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಹೆಚ್ಚು ಸ್ಥಿರ, ಅನಿಲ ಬಿಡೋದು ಕಡಿಮೆ. ಶೀಟಿನ ಮೇಲೆ ಐಎಸ್ಐ ಗುರುತು ಇದೆಯಾ ನೋಡಿ. ಇ1 ಅಥವಾ ಇ0 ಅಂತ ಬರೆದಿದ್ದರೆ ಅದು ಈ ಅನಿಲದ ಮಟ್ಟ ಕಡಿಮೆ ಅನ್ನೋ ಗುರುತು.

ಎರಡು ಅಡಿಯೋ ಮೂರು ಅಡಿಯೋ?

ನಮ್ಮ ಮೊದಲ ಡ್ರಾಯಿಂಗ್‌ನಲ್ಲಿ ಕಪಾಟಿನ ಅಗಲ ಮೂರು ಅಡಿ ಇತ್ತು. ಆಚಾರ್ರು ಕಾಗದ ನೋಡಿ, "ಮೂರಡಿ ಬೇಡ್ರಪ್ಪ, ಹಲಗೆ ಹೊಟ್ಟೆ ಬಿಡತ್ತೆ" ಅಂದ್ರು. ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಆಗಷ್ಟೇ ಓದಿದ್ದ ನಮಗೆ ಲೆಕ್ಕ ಹಾಕದೆ ಒಪ್ಪೋಕೆ ಮನಸ್ಸಾಗಲಿಲ್ಲ. ಅವರ ಶೆಡ್‌ನಲ್ಲೇ ಕೂತು ಹಾಕಿದ್ವಿ.

ಹಲಗೆಯ ಎರಡೂ ತುದಿಗೆ ಆಸರೆ, ಮೇಲೆ ಉದ್ದಕ್ಕೂ ಸಮನಾಗಿ ಪುಸ್ತಕದ ಭಾರ. ಎಲ್ಲರಿಗೂ ಗೊತ್ತಿರೋ ಸಿಂಪ್ಲಿ ಸಪೋರ್ಟೆಡ್ ಬೀಮ್. ಹಲಗೆ 18 ಮಿ.ಮೀ. ದಪ್ಪ, 300 ಮಿ.ಮೀ. ಆಳ. ಪುಸ್ತಕ ಒತ್ತಾಗಿ ಜೋಡಿಸಿದರೆ ಮೀಟರಿಗೆ 30 ಕೆ.ಜಿ. ಅಂತ ಇಟ್ಕೊಂಡ್ವಿ. ಪ್ಲೈನ ಯಂಗ್ಸ್ ಮಾಡ್ಯುಲಸ್ 6000 ಮೆಗಾಪ್ಯಾಸ್ಕಲ್ ಅಂತ ತಗೊಂಡ್ವಿ. 900 ಮಿ.ಮೀ. ಉದ್ದಕ್ಕೆ ನಡುವಿನ ಬಾಗು ಸುಮಾರು 3 ಮಿ.ಮೀ. ಬಂತು. 600 ಮಿ.ಮೀ.ಗೆ ಬರೀ 0.6 ಮಿ.ಮೀ. ಉದ್ದ ಒಂದೂವರೆ ಪಟ್ಟು ಆದರೆ ಬಾಗು ಐದು ಪಟ್ಟು. ಫಾರ್ಮುಲಾದಲ್ಲಿ ಉದ್ದ ನಾಲ್ಕನೇ ಘಾತದಲ್ಲಿ ಕೂತಿರೋದ್ರ ಮಹಿಮೆ ಇದು. ಅದೂ ಮೊದಲ ದಿನದ ಲೆಕ್ಕ. ಮರ ತಿಂಗಳುಗಟ್ಟಲೆ ಭಾರ ಹೊತ್ತರೆ ಇನ್ನೂ ಬಾಗ್ತಾ ಹೋಗುತ್ತದೆ, ಅದಕ್ಕೆ ಕ್ರೀಪ್ ಅಂತಾರೆ.

ಆಚಾರ್ರು ಇದೇ ಉತ್ತರವನ್ನ ಫಾರ್ಮುಲಾ ಇಲ್ಲದೆ ಒಂದೇ ವಾಕ್ಯದಲ್ಲಿ ಹೇಳಿದ್ರು. ನಮಗೆ ಅರ್ಧ ಗಂಟೆ ಹಿಡೀತು.

ಹಾಗಾಗಿ ಎರಡು ಅಡಿ ಅಗಲ, 1200 ಮಿ.ಮೀ. ಎತ್ತರ ಅಂತ ನಿರ್ಧಾರ ಆಯ್ತು. 8 ಅಡಿ 4 ಅಡಿಯ ಶೀಟಿನಲ್ಲಿ ಅರ್ಧ, ಅಂದ್ರೆ 8 ಅಡಿ ಉದ್ದ 2 ಅಡಿ ಅಗಲದ ತುಂಡು ಇದಕ್ಕೆ ಸಾಕು. ಅದನ್ನ ಉದ್ದಕ್ಕೆ ಸೀಳಿದರೆ 300 ಮಿ.ಮೀ. ಅಗಲದ ಎರಡು ಪಟ್ಟಿ. ಒಂದು ಪಟ್ಟಿಯಲ್ಲಿ 1200ರ ಎರಡು ಪಕ್ಕದ ಹಲಗೆ, ಇನ್ನೊಂದರಲ್ಲಿ 600ರ ನಾಲ್ಕು ಅಡ್ಡ ಹಲಗೆ. ಗರಗಸದ ಬಾಯಿಗೆ ಪ್ರತಿ ಸಲ 3 ಮಿ.ಮೀ. ಹೋಗುತ್ತದೆ, ಅದನ್ನ ಲೆಕ್ಕಕ್ಕೆ ಸೇರಿಸೋದು ಮರೀಬೇಡಿ. ಹೀಗೆ ಕತ್ತರಿಸೋದ್ರಲ್ಲಿ ಇನ್ನೊಂದು ಲಾಭ ಇದೆ. ಮೇಲಿನ ಪದರದ ನಾರು ಶೀಟಿನ 8 ಅಡಿ ಉದ್ದಕ್ಕೆ ಇರೋದ್ರಿಂದ ಅಡ್ಡ ಹಲಗೆಗಳಲ್ಲೂ ಅದು ಉದ್ದಕ್ಕೇ ಬರುತ್ತದೆ. ಪ್ಲೈ ಗಟ್ಟಿ ಇರೋದು ಆ ದಿಕ್ಕಿಗೇ.

ಜೋಡಣೆ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಆ ಶೆಡ್ ಒಂದು ಕನ್ನಡ ಕ್ಲಾಸೂ ಆಗಿತ್ತು. ಟ್ರೈ ಸ್ಕ್ವೇರ್‌ಗೆ ಮೂಲೆಮಟ್ಟ, ಸ್ಪಿರಿಟ್ ಲೆವೆಲ್‌ಗೆ ರಸಮಟ್ಟ. ರಸಮಟ್ಟ ಅನ್ನೋ ಪದ ಕೇಳಿ ಎಷ್ಟು ಖುಷಿಯಾಯ್ತು ಅಂದ್ರೆ ಆ ದಿನವೆಲ್ಲ ಕಾರಣ ಇಲ್ಲದೆ ಎಲ್ಲದರ ಮೇಲೂ ಅದನ್ನ ಇಟ್ಟು ನೋಡಿದ್ವಿ.

ಪ್ಲೈನ ಅಂಚಿಗೆ ನೇರವಾಗಿ ಸ್ಕ್ರೂ ತಿರುಗಿಸಿದರೆ ಪದರ ಬಿಟ್ಟುಕೊಳ್ಳುತ್ತದೆ. ನಮ್ಮ ಮೊದಲ ಸ್ಕ್ರೂ ಹಾಗೇ ಆಯ್ತು. ಮೊದಲು 3 ಮಿ.ಮೀ. ಬಿಟ್‌ನಲ್ಲಿ ತೂತು ಕೊರೆದು, ಅಂಚಿಗೆ ಮರದ ಅಂಟು ಹಚ್ಚಿ, ಆಮೇಲೆ 50 ಮಿ.ಮೀ. ಸ್ಕ್ರೂ ಹಾಕಬೇಕು. 18 ಮಿ.ಮೀ. ಪಕ್ಕದ ಹಲಗೆ ದಾಟಿ 32 ಮಿ.ಮೀ. ಒಳಗೆ ಕೂರುತ್ತದೆ. ಜೊತೆಗೆ ಪ್ರತಿ ಅಡ್ಡ ಹಲಗೆಯ ಎರಡೂ ತುದಿಯ ಕೆಳಗೆ ಒಂದೊಂದು ಮರದ ಪಟ್ಟಿ ಕೊಟ್ವಿ. ಆಗ ಪುಸ್ತಕದ ಭಾರ ಸ್ಕ್ರೂ ಮೇಲಷ್ಟೇ ಅಲ್ಲ, ಪಟ್ಟಿಯ ಮೇಲೂ ಕೂರುತ್ತದೆ. ಕೆಳಗಿನ ಹಲಗೆಯನ್ನ ನೆಲದಿಂದ 50 ಮಿ.ಮೀ. ಮೇಲೆ ಇಟ್ವಿ, ಒರೆಸೋ ನೀರು ತಾಗದಿರಲಿ, ಗೆದ್ದಲು ಬಂದರೂ ಕಣ್ಣಿಗೆ ಬೀಳಲಿ ಅಂತ.

ಇಷ್ಟಾದ ಮೇಲೆ ಕಪಾಟನ್ನ ಪಕ್ಕದಿಂದ ತಳ್ಳಿ ನೋಡಿದರೆ ಇಸ್ಪೀಟ್ ಮನೆ ಹಾಗೆ ಅಲುಗಾಡ್ತಿತ್ತು. ಆಯತ ಸಮಾಂತರ ಚತುರ್ಭುಜ ಆಗೋಕೆ ತುಂಬ ಬಲ ಬೇಕಾಗಲ್ಲ. ಇದಕ್ಕೆ ಮದ್ದು ಹಿಂಬದಿಗೆ ಹೊಡೆಯೋ 6 ಮಿ.ಮೀ. ಪ್ಲೈ. ಅದು ಧೂಳು ತಡೆಯೋಕೆ ಮಾತ್ರ ಅಂತ ನಾವು ಅಂದ್ಕೊಂಡಿದ್ವಿ. ನಿಜವಾಗಿ ಇಡೀ ಕಪಾಟನ್ನ ಮಟ್ಟಸವಾಗಿ ಹಿಡಿಯೋದೇ ಅದು, ಕಟ್ಟಡದ ಶಿಯರ್ ವಾಲ್ ಹಾಗೆ. ಹೊಡೆಯೋ ಮುಂಚೆ ಎರಡೂ ಕರ್ಣ ಅಳೀಬೇಕು. 636ಕ್ಕೆ 1200 ಇದ್ದರೆ ಎರಡೂ 1358 ಮಿ.ಮೀ. ಬರಬೇಕು. ನಮಗೆ ಒಂದು 1363, ಇನ್ನೊಂದು 1353 ಬಂತು. ಉದ್ದದ ಕರ್ಣದ ಎರಡು ಮೂಲೆ ಹಿಡಿದು ಒತ್ತಿ ಸಮ ಮಾಡಿ ಆಮೇಲೆ ಹಿಂಬದಿ ಹೊಡೆದ್ವಿ.

ಹೊರಡೋವಾಗ ಆಚಾರ್ರು, "ಗೋಡೆಗೆ ಹಿಡಿಸೋಕೆ ಎರಡು ಎಲ್ ಕ್ಲಾಂಪ್ ತಗೊಂಡು ಹೋಗಿ" ಅಂದ್ರು. "ಬೇಡ ಆಚಾರ್ರೇ, ಗೋಡೆಗೆ ಹೊಸ ಪೇಂಟ್ ಮಾಡಿಸಿದ್ದಾರೆ, ತೂತು ಹೊಡೆದ್ರೆ ಅಕ್ಕ ಬೈತಾರೆ" ಅಂದ್ವಿ. ಅವರು ಮತ್ತೆ ಏನೂ ಹೇಳಲಿಲ್ಲ.

ಫಿನಿಶಿಂಗ್

ಉಪ್ಪುಕಾಗದದಲ್ಲಿ ಮೊದಲು 80, ಆಮೇಲೆ 120, ಕೊನೆಗೆ 220 ನಂಬರ್. ಯಾವಾಗಲೂ ನಾರಿನ ದಿಕ್ಕಿಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಆ ಗೀರು ಪಾಲಿಶ್ ಆದಮೇಲೆ ಎದ್ದು ಕಾಣುತ್ತದೆ. ಪ್ಲೈನ ಮೇಲಿನ ಪದರ ತುಂಬ ತೆಳು, 80ರಲ್ಲಿ ಹೆಚ್ಚು ಉಜ್ಜಿದರೆ ಕೆಳಗಿನ ಪದರ ಹೊರಗೆ ಬಂದುಬಿಡುತ್ತದೆ. ಮುಂದಿನ ಅಂಚಿಗೆ ಮರದ ಪಟ್ಟಿ ಅಂಟಿಸಿ ಮೂಲೆಗಳನ್ನ ಗುಂಡಗೆ ಮಾಡಿದ್ವಿ. ನಾಲ್ಕು ವರ್ಷದ ಮಗುವಿನ ಹಣೆ, ಕಪಾಟಿನ ಮೂಲೆ ಎರಡೂ ಒಂದೇ ಎತ್ತರದಲ್ಲಿ ಇರ್ತವೆ.

ಬಣ್ಣಕ್ಕೆ ಅಟ್ಟದಲ್ಲಿದ್ದ ಹಳೇ ಎನಾಮಲ್ ಡಬ್ಬ ಒಂದನ್ನ ಅಜ್ಜಿ ತೆಗೆದುಕೊಟ್ಟರು. ಅದನ್ನ ನಾವು ಬಳಸಲಿಲ್ಲ. ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಬಂದಿದ್ದು 2016ರಲ್ಲಿ, ತಯಾರಕರಿಗೆ ಅದು ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದಿನ ಡಬ್ಬದಲ್ಲಿ ಎಷ್ಟು ಸೀಸ ಇದೆಯೋ ಯಾರಿಗೆ ಗೊತ್ತು? ಮಕ್ಕಳು ಅಂಚು ಕಚ್ಚುತ್ತಾರೆ, ಎದ್ದ ಚಕ್ಕೆ ಬಾಯಿಗೆ ಹಾಕ್ಕೊಳ್ಳುತ್ತಾರೆ. ಸೀಸ ಬೆಳೆಯೋ ಮಿದುಳಿಗೆ ಹಾನಿ ಮಾಡುತ್ತದೆ.

ಮಕ್ಕಳಿಗೆ ಯಾವ ಫಿನಿಶ್ ಸುರಕ್ಷಿತ ಅನ್ನೋದಕ್ಕೆ ನಮ್ಮ ಚನ್ನಪಟ್ಟಣದ ಗೊಂಬೆಗಳೇ ಹಳೇ ಉತ್ತರ. ಆಲೆ ಮರವನ್ನ ಕಡಸಲು ಯಂತ್ರದಲ್ಲಿ ತಿರುಗಿಸ್ತಾ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಒಣಗಿದ ಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಅದೇ ಅರಗನ್ನ ಶುದ್ಧ ಮಾಡಿ ಮಾತ್ರೆ, ಮಿಠಾಯಿಗಳ ಮೇಲೂ ಹಚ್ಚುತ್ತಾರೆ. ಆದರೆ ಚಪ್ಪಟೆ ಹಲಗೆಯನ್ನ ಲೇತ್ ಮೇಲೆ ತಿರುಗಿಸೋಕೆ ಆಗಲ್ಲ. ಅದಕ್ಕೆ ಅರಗಿನ ಚಕ್ಕೆಯನ್ನ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆ ಉಂಡೆಯಿಂದ ಉಜ್ಜುತ್ತಾರೆ, ಅದೇ ಫ್ರೆಂಚ್ ಪಾಲಿಶ್. ನೋಡೋಕೆ ಚೆಂದ, ಆದರೆ ಒದ್ದೆ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಮಳೆಗಾಲದ ತೇವದಲ್ಲಿ ಹಚ್ಚುವಾಗಲೇ ಮಸುಕಾಗಿಬಿಡುತ್ತದೆ.

ನಾವಿದ್ದಿದ್ದು ಆಗಸ್ಟ್ ತಿಂಗಳ ಸಾಗರದಲ್ಲಿ. ಹಾಗಾಗಿ ನೀರಿನಲ್ಲಿ ಕಲಸೋ ಪಿಯು ಕ್ಲಿಯರ್ ಕೋಟ್ ತಂದ್ವಿ. ಮೊದಲ ಕೋಟ್ ಒಣಗಿದ ಮೇಲೆ ಮರದ ನಾರು ಎದ್ದು ತರಿತರಿ ಆಗುತ್ತದೆ, ಅದನ್ನ ಹಗುರವಾಗಿ 220ರಲ್ಲಿ ಉಜ್ಜಿ ಎರಡನೇ ಕೋಟ್ ಹಚ್ಚಬೇಕು. ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲಿ. ಮುಟ್ಟಿದರೆ ಅಂಟಲ್ಲ ಅನ್ನೋದು ಬೇರೆ, ಪೂರ್ತಿ ಗಟ್ಟಿಯಾಗೋದು ಬೇರೆ. ಮೊದಲನೆಯದಕ್ಕೆ ಕೆಲವು ಗಂಟೆ, ಎರಡನೆಯದಕ್ಕೆ ದಿನಗಳೇ ಬೇಕು. ಅದಕ್ಕೂ ಮುಂಚೆ ಪುಸ್ತಕ ಇಟ್ಟರೆ ರಟ್ಟು ಅಂಟಿಕೊಂಡು ಕಿತ್ತು ಬರುತ್ತದೆ. ಅದಕ್ಕೇ ಅಕ್ಕನಿಗೆ ಸ್ಟ್ರಿಕ್ಟ್ ಆಗಿ ಹೇಳಿದ್ವಿ: "ಒಂದು ವಾರ ಇದರಲ್ಲಿ ಏನೂ ಇಡಬೇಡಿ, ಖಾಲಿ ಇರಲಿ."

ಆ ಸಂಜೆ

ಮಾರನೇ ದಿನ ಸಂಜೆ ನಾವು ಹಜಾರದಲ್ಲಿ ಕಾಫಿ ಕುಡೀತಾ ಕಪಾಟಿನ ಫೋಟೋ ನೋಡ್ತಾ ಇದ್ವಿ. ಒಳಗಿಂದ ದಡ್ ಅಂತ ಸದ್ದು, ಹಿಂದೆಯೇ ಪುಟ್ಟಿಯ ಕೂಗು.

ಓಡಿಹೋಗಿ ನೋಡಿದರೆ ಕಪಾಟು ಮುಂದಕ್ಕೆ ಬಿದ್ದಿತ್ತು. ಎರಡು ಅಡಿ ದೂರದಲ್ಲಿ ಮಂಚ ಇದ್ದಿದ್ದರಿಂದ ಅದರ ಅಂಚಿಗೆ ತಾಗಿ ಓರೆಯಾಗಿ ನಿಂತಿತ್ತು. ಮಂಚಕ್ಕೂ ಕಪಾಟಿಗೂ ನಡುವೆ ಉಳಿದ ಸಂದಿಯಲ್ಲಿ ಪುಟ್ಟಿ ಇದ್ದಳು. ಮೊಣಕಾಲು ತರಚಿತ್ತು, ಇನ್ನೇನೂ ಆಗಿರಲಿಲ್ಲ. ಕಪಾಟಿನ ತಲೆಯ ಮೇಲೆ ಕರಡಿ ಗೊಂಬೆ ಕೂರಿಸೋಕೆ ಅಂತ ಹಲಗೆ ಹಿಡಿದು ಹತ್ತಿದ್ದಳು. ಅಕ್ಕ ಅವಳನ್ನ ಎತ್ತಿಕೊಂಡು ಸುಮ್ಮನೆ ಕೂತರು. ನಮಗೆ ಒಂದು ಮಾತೂ ಬೈಯಲಿಲ್ಲ, ಅದಕ್ಕೇ ಇನ್ನೂ ಕಷ್ಟ ಆಯ್ತು. ಅಜ್ಜಿ ಮಾತ್ರ, "ಮಕ್ಕಳಿಗೆ ಅದು ಕಪಾಟಲ್ಲ ಕಣ್ರೋ, ಏಣಿ" ಅಂದ್ರು.

ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ. ಎದ್ದು ಕೂತು, ಮೊದಲೇ ಹಾಕಬೇಕಿದ್ದ ಲೆಕ್ಕವನ್ನ ಆಗ ಹಾಕಿದ್ವಿ. ಖಾಲಿ ಕಪಾಟಿನ ತೂಕ ಸುಮಾರು 20 ಕೆ.ಜಿ. ಅದರ ಭಾರಕೇಂದ್ರ ಮುಂದಿನ ಅಂಚಿನಿಂದ 15 ಸೆಂ.ಮೀ. ಹಿಂದೆ. ಕಪಾಟನ್ನ ನಿಲ್ಲಿಸಿ ಹಿಡಿಯೋ ಮೊಮೆಂಟ್ 20 ಗುಣಿಸು 15, ಅಂದ್ರೆ 300. ಪುಟ್ಟಿಯ ತೂಕ 16 ಕೆ.ಜಿ. ಕೆಳಗಿನ ಹಲಗೆ ಮೇಲೆ ಕಾಲಿಟ್ಟು, ಮೇಲಿನದನ್ನ ಹಿಡಿದು ನೇತಾಡಿದರೆ ಅವಳ ಭಾರಕೇಂದ್ರ ಅಂಚಿನಿಂದ ಸುಮಾರು 20 ಸೆಂ.ಮೀ. ಮುಂದೆ ಬರುತ್ತದೆ. 16 ಗುಣಿಸು 20, 320. ಮುನ್ನೂರಕ್ಕಿಂತ ಮುನ್ನೂರಿಪ್ಪತ್ತು ಹೆಚ್ಚು. ಕಪಾಟು ಬೀಳಲೇಬೇಕಿತ್ತು.

ಪುಸ್ತಕ ತುಂಬಿದ್ದರೆ ಬಹುಶಃ ಬೀಳ್ತಿರಲಿಲ್ಲ. ರಟ್ಟು ಹಾಳಾಗದಿರಲಿ ಅಂತ ಒಂದು ವಾರ ಖಾಲಿ ಇಡಿಸಿದ್ದು ನಾವೇ. ಹಲಗೆ ಎಷ್ಟು ಮಿಲಿಮೀಟರ್ ಬಾಗುತ್ತೆ ಅಂತ ಅರ್ಧ ಗಂಟೆ ಲೆಕ್ಕ ಹಾಕಿದ ನಾವು ಪುಟ್ಟಿ ಅನ್ನೋ ಲೋಡನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಇದು ನಮ್ಮ ಒಂದು ಮನೆಯ ಕಥೆಯಲ್ಲ. ಅಮೆರಿಕದಲ್ಲಿ ಬಟ್ಟೆ ಇಡೋ ಡ್ರಾಯರ್ ಕಪಾಟುಗಳು ಮಕ್ಕಳ ಮೇಲೆ ಬೀಳೋದನ್ನ ತಡೆಯೋಕೆ 2022ರಲ್ಲಿ ಸ್ಟರ್ಡಿ ಅನ್ನೋ ಕಾಯ್ದೆಯನ್ನೇ ತರಬೇಕಾಯ್ತು. 60 ಪೌಂಡ್, ಅಂದ್ರೆ ಸುಮಾರು 27 ಕೆ.ಜಿ. ತೂಕದ ಮಗುವಿನ ತನಕ ಯೋಚಿಸಿ ಪರೀಕ್ಷೆ ಮಾಡಬೇಕು ಅಂತ ಅದು ಹೇಳುತ್ತದೆ.

ಆರು ಕೆ.ಜಿ. ಬಲ

ಹಾಗಾದ್ರೆ ಎಷ್ಟು ಬಲದಿಂದ ಹಿಡಿದಿದ್ದರೆ ಬೀಳ್ತಿರಲಿಲ್ಲ? ಪುಟ್ಟಿ ಜಗ್ಗಿ ಕುಣಿದು ಮೂರು ಪಟ್ಟು ಮೊಮೆಂಟ್ ಕೊಟ್ಟಳು ಅಂತಲೇ ಇಟ್ಕೊಳ್ಳಿ, 960. ಕಪಾಟಿನ ತೂಕದ 300 ಕಳೆದರೆ 660. ಕ್ಲಾಂಪ್ ಇರೋದು ನೆಲದಿಂದ 115 ಸೆಂ.ಮೀ. ಎತ್ತರದಲ್ಲಿ. 660 ಭಾಗಿಸು 115, ಹೆಚ್ಚು ಕಡಿಮೆ 6 ಕೆ.ಜಿ. ಬರುತ್ತದೆ. ಸುಮ್ಮನೆ ನೇತಾಡಿದ್ದಕ್ಕೆ ಆದ್ರೆ ಒಂದು ಕೆ.ಜಿ.ಯೂ ಬೇಡ. ಮೇಲ್ತುದಿಯಲ್ಲಿ ಹಿಡಿಯೋದ್ರಿಂದ ಸನ್ನೆಯ ತೋಳು ಉದ್ದ, ಅದಕ್ಕೆ ಇಷ್ಟು ಚಿಕ್ಕ ಬಲ ಸಾಕು. ಎರಡು ಎಲ್ ಕ್ಲಾಂಪ್, ನಾಲ್ಕು ಸ್ಕ್ರೂ. ಕ್ಯಾಂಟೀನಿನ ಒಂದು ಊಟಕ್ಕಿಂತ ಅಗ್ಗ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆಯೇ ಹೋಗಿ ನಿಂತಿದ್ವಿ. ಹಾಕೋ ವಿಧಾನ ಹೀಗೆ:

ಗೋಡೆ ಯಾವುದು ಅಂತ ಮೊದಲು ತಿಳ್ಕೊಳ್ಳಿ. ಆ ಮನೆಯದು ಜಂಬಿಟ್ಟಿಗೆ ಗೋಡೆ. ಅದು ಮೆದು, ಸಣ್ಣ ಸಣ್ಣ ತೂತು ಇರುತ್ತವೆ. ಕಲ್ಲಿನ ಸಂದಿಗೆ ಬಿಟ್ಟು ಕಲ್ಲಿನ ನಡುವಿಗೆ ಕೊರೀಬೇಕು, ಪ್ಲಗ್ ಉದ್ದದ್ದು ಹಾಕಬೇಕು. ಗಾರೆಯ ಪದರ ಲೆಕ್ಕಕ್ಕಿಲ್ಲ, ಪ್ಲಗ್ ಅದನ್ನ ದಾಟಿ ಕಲ್ಲಿನೊಳಗೆ ಕೂರಬೇಕು. ಟೊಳ್ಳು ಬ್ಲಾಕ್ ಗೋಡೆ ಆದ್ರೆ ಮಾಮೂಲಿ ಪ್ಲಗ್ ಹಿಡಿಯಲ್ಲ, ಟೊಳ್ಳು ಗೋಡೆಗೆ ಅಂತಲೇ ಬರೋದನ್ನ ಕೇಳಿ ತನ್ನಿ.

ಗೋಡೆ ಬುಡದಲ್ಲಿ ಸ್ಕರ್ಟಿಂಗ್ ಟೈಲ್ ಇದ್ದರೆ ಕಪಾಟಿನ ಬುಡ ಅದಕ್ಕೆ ತಾಗಿ, ಮೇಲೆ ಬೆರಳಷ್ಟು ಸಂದಿ ಉಳಿಯುತ್ತದೆ. ಅಲ್ಲಿಗೆ ಟೈಲ್‌ನಷ್ಟೇ ದಪ್ಪದ ಮರದ ಪಟ್ಟಿ ಕೊಡಿ.

ಕ್ಲಾಂಪನ್ನ 18 ಮಿ.ಮೀ. ಹಲಗೆಗೆ ಹಿಡಿಸಿ, 6 ಮಿ.ಮೀ. ಹಿಂಬದಿಗೆ ಅಲ್ಲ. ಅದು ಸ್ಕ್ರೂ ಸಮೇತ ಕಿತ್ತು ಬರುತ್ತದೆ.

ಹಾಕಿದ ಮೇಲೆ ಪರೀಕ್ಷೆ ಮಾಡಿ. ಬಸ್ಸಿಗೆ ಹೋಗುವಾಗ ಬ್ಯಾಗ್ ತೂಗೋ ಕೊಕ್ಕೆ ತಕ್ಕಡಿಯನ್ನ ಕಪಾಟಿನ ಮೇಲ್ತುದಿಗೆ ಸಿಕ್ಕಿಸಿ ನಮ್ಮ ಕಡೆಗೆ ಎಳೆದ್ವಿ. 20 ಕೆ.ಜಿ. ತೋರಿಸೋ ತನಕ ಎಳೆದರೂ ಅಲ್ಲಾಡಲಿಲ್ಲ.

ಕೊನೆಯದಾಗಿ ಜೋಡಿಸೋ ಕ್ರಮ. ದಪ್ಪ ಪುಸ್ತಕ ಕೆಳಗೆ, ಹಗುರದ್ದು ಮೇಲೆ. ಮಗುವಿಗೆ ತುಂಬ ಇಷ್ಟ ಆಗೋದನ್ನ ಕೈಗೆ ಎಟುಕೋ ಹಲಗೆಯಲ್ಲೇ ಇಡಿ. ತಲೆಯ ಮೇಲೆ ಇಟ್ಟರೆ ಹತ್ತು ಅಂತ ನಾವೇ ಕರೆದ ಹಾಗೆ.

ಒಟ್ಟು ಖರ್ಚು ನಾಲ್ಕು ಸಾವಿರದ ಒಳಗೆ ಬಂತು. ಆಚಾರ್ರು ಜಾಗಕ್ಕೂ ಮಷಿನ್‌ಗೂ ದುಡ್ಡು ತಗೊಳ್ಳಲಿಲ್ಲ. ಹೊರಡೋ ದಿನ ಅವರ ಹತ್ತಿರ ಹೋಗಿ ನಡೆದಿದ್ದನ್ನೆಲ್ಲ ಹೇಳಿದ್ವಿ. "ಹೇಳಿದ್ನಲ್ಲಪ್ಪ" ಅಂದ್ರು, ಅಷ್ಟೇ. ಮತ್ತೆ ಕೆಲಸಕ್ಕೆ ತಿರುಗಿದ್ರು.

ಪುಟ್ಟಿ ಈಗಲೂ ಅದನ್ನ ಹತ್ತುತ್ತಾಳಂತೆ. ಅಕ್ಕ ಕಳಿಸಿದ ಫೋಟೋದಲ್ಲಿ ಎರಡನೇ ಹಲಗೆಯ ಮೇಲೆ ನಿಂತು ನಗ್ತಾ ಇದ್ದಾಳೆ, ಕಪಾಟಿನ ತಲೆ ಮೇಲೆ ಕರಡಿ ಕೂತಿದೆ. ಹೊಸ ಪೇಂಟ್ ಗೋಡೆಯಲ್ಲಿ ನಮ್ಮ ಎರಡು ಕ್ಲಾಂಪ್ ಎದ್ದು ಕಾಣ್ತಿವೆ. ಈ ಸಲ ಊರಿಗೆ ಹೋದಾಗ ನಿಮ್ಮ ಮನೇಲಿರೋ ಕಪಾಟಿನ ಮೇಲ್ತುದಿ ಹಿಡಿದು ಒಮ್ಮೆ ಎಳೆದು ನೋಡಿ. ಅಲ್ಲಾಡಿದರೆ ಅಂಗಡಿಗೆ ಹೋಗಿ.